ಸೈಕಲ್‌ನಲ್ಲಿ ಆಗುಂಬೆ ಘಾಟಿ: ಉಡುಪಿ, ಮಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

"ಆಗುಂಬೆಗೆ ಸೈಕಲ್‌ನಲ್ಲಿ ಹೋಗಬೇಕು ಅಂತಿದ್ದೇನೆ, ಆಗುತ್ತಾ?" ಉಡುಪಿ, ಮಣಿಪಾಲ, ಮಂಗಳೂರಿನ ಗೆಳೆಯರು ಮೊದಲು ಕೇಳುವುದು ಇದನ್ನೇ. ಖಂಡಿತ ಆಗುತ್ತದೆ. ಆದರೆ ಹೆಚ್ಚಿನವರು ಹತ್ತುವುದರ ಬಗ್ಗೆ ಮಾತ್ರ ಯೋಚಿಸುತ್ತಾರೆ. ಇಳಿಯುವುದರ ಬಗ್ಗೆ, ದಾರಿಯ ಎರಡೂ ಬದಿಗಿರುವ ಕಾಡಿನ ಬಗ್ಗೆ ಕೇಳುವವರು ಕಡಿಮೆ. ಹಾಗಾಗಿ ಇಲ್ಲಿ ಅವೆರಡಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಕರಾವಳಿಯಿಂದ ಇಷ್ಟೊಂದು ಘಾಟಿಗಳಿವೆ. ಆಗುಂಬೆಯೇ ಯಾಕೆ?

ಶಿರಾಡಿ ಸೈಕಲ್‌ಗೆ ತಕ್ಕ ದಾರಿ ಅಲ್ಲ. ಮಂಗಳೂರು–ಬೆಂಗಳೂರು ನಡುವಿನ ಲಾರಿ, ಟ್ಯಾಂಕರ್, ಬಸ್ಸುಗಳ ಸಾಲು ಅಲ್ಲಿ ಮುಗಿಯುವುದೇ ಇಲ್ಲ. ಸಂಪಾಜೆಯಲ್ಲಿ ಮಡಿಕೇರಿ, ಮೈಸೂರು ಕಡೆಯ ಗಾಡಿಗಳು. ಚಾರ್ಮಾಡಿ ಚಂದ ಇದೆ. ಆದರೆ 2019ರ ಆಗಸ್ಟ್ ಮಳೆಯಲ್ಲಿ ಹಲವು ಕಡೆ ಗುಡ್ಡ ಕುಸಿದು ಪೆಟ್ಟು ತಿಂದ ರಸ್ತೆ ಅದು. ರಜಾ ದಿನಗಳಲ್ಲಿ ಕಾರುಗಳೂ ಜಾಸ್ತಿ.

ಆಗುಂಬೆಯ ತಿರುವುಗಳು ತುಂಬಾ ಬಿಗಿ. ಉದ್ದದ ಬಸ್ಸು, ದೊಡ್ಡ ಲಾರಿ ಅಲ್ಲಿ ಒಂದೇ ಸಲಕ್ಕೆ ತಿರುಗುವುದು ಕಷ್ಟ. ಅದಕ್ಕೇ ಈ ಘಾಟಿಯಲ್ಲಿ ಮಿನಿ ಬಸ್ಸುಗಳು ಓಡುತ್ತವೆ. ಗಾಡಿಯವರಿಗೆ ತೊಂದರೆ ಕೊಡುವ ಈ ತಿರುವುಗಳೇ ಸೈಕಲ್‌ನವರಿಗೆ ಉಪಕಾರ ಮಾಡಿವೆ. ವಾರದ ದಿನ ಬೆಳಿಗ್ಗೆ ಹೋದರೆ ಎರಡು ಗಾಡಿಗಳ ನಡುವೆ ನಿಮ್ಮ ಉಸಿರು, ಚೈನಿನ ಸದ್ದು, ಮೇಲೆಲ್ಲೋ ಹಾರುವ ಮಂಗಟ್ಟೆ ಹಕ್ಕಿಯ ರೆಕ್ಕೆ ಬಡಿತ ಇಷ್ಟೇ ಕೇಳುತ್ತದೆ. ಉಡುಪಿಯಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ಇಂಥ ಜಾಗ ತಲುಪಬಹುದು ಅನ್ನುವುದೇ ನಮ್ಮ ಊರಿನವರ ಪುಣ್ಯ.

ಉಡುಪಿಯಿಂದ ದಾರಿ ಹೇಗೆ?

ಉಡುಪಿ, ಮಣಿಪಾಲ, ಪರ್ಕಳ, ಹಿರಿಯಡ್ಕ, ಪೆರ್ಡೂರು, ಹೆಬ್ರಿ, ಸೋಮೇಶ್ವರ, ಆಗುಂಬೆ. ರಾಷ್ಟ್ರೀಯ ಹೆದ್ದಾರಿ 169ಎ. ಒಟ್ಟು ಸುಮಾರು 55 ಕಿಲೋಮೀಟರ್. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ.

ಆದರೆ ಇದು ಒಂದೇ ತರಹದ ದಾರಿ ಅಂದುಕೊಳ್ಳಬೇಡಿ. ಹೆಬ್ರಿಯವರೆಗೆ ಕರಾವಳಿಯ ಗುಡ್ಡಗಳು. ಏರು, ಇಳಿತ, ಮತ್ತೆ ಏರು. ಒಂದೊಂದೂ ಸಣ್ಣದೇ, ಆದರೆ ಎಲ್ಲ ಸೇರಿ ಕಾಲಿನ ಶಕ್ತಿ ತಿನ್ನುತ್ತವೆ. ಅನೇಕರು ಇಲ್ಲೇ ಹುರುಪಿನಲ್ಲಿ ಜೋರಾಗಿ ತುಳಿದು, ಘಾಟಿ ಶುರುವಾಗುವಾಗ ಖಾಲಿಯಾಗಿರುತ್ತಾರೆ. ಹೆಬ್ರಿಯವರೆಗೆ ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟೇ ವೇಗ ಇರಲಿ.

ಹೆಬ್ರಿ ದಾಟಿದ ಮೇಲೆ ಗಾಳಿಯೇ ಬೇರೆ. ಮರಗಳು ರಸ್ತೆಯ ಮೇಲೆ ಬಾಗುತ್ತವೆ, ತಂಪಾಗುತ್ತದೆ. ಆಗುಂಬೆ ಕಡೆಯ ಬೆಟ್ಟಗಳಲ್ಲಿ ಹುಟ್ಟಿ ಬರುವ ಸೀತಾನದಿಯ ನೆರೆಯಲ್ಲೇ ದಾರಿ ಸಾಗುತ್ತದೆ. ಇಡೀ ಪಯಣದಲ್ಲಿ ನನಗೆ ಅತಿ ಇಷ್ಟವಾದದ್ದು ಹೆಬ್ರಿಯಿಂದ ಸೋಮೇಶ್ವರದವರೆಗಿನ ಈ ತುಂಡು. ಏರು ಕಡಿಮೆ, ನೆರಳು ಜಾಸ್ತಿ. ಘಾಟಿ ಹತ್ತುವ ಧೈರ್ಯ ಇಲ್ಲದವರು ಸುಮ್ನೆ ಇಷ್ಟಕ್ಕೇ ಬಂದು ಹೋದರೂ ದಿನ ಸಾರ್ಥಕ.

ಸೋಮೇಶ್ವರದಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇದೆ. ಅಲ್ಲಿಂದ ಮುಂದೆ ಘಾಟಿ.

ಏರು ನಿಜಕ್ಕೂ ಎಷ್ಟು ಕಷ್ಟ?

ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಸೋಮೇಶ್ವರದಿಂದ ಲೆಕ್ಕ ಹಾಕಿದರೆ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಸುಮಾರು 500 ಮೀಟರ್ ಏರಬೇಕು. ಅಂದರೆ ಸರಾಸರಿ 5%. ಆದರೆ ಸರಾಸರಿಯನ್ನು ನಂಬಿ ಹೋಗಬೇಡಿ. ಶುರುವಿನಲ್ಲಿ ದಾರಿ ನಿಧಾನವಾಗಿ ಏರುತ್ತದೆ. ನಿಜವಾದ ಏರು ಇರುವುದು ಹದಿನಾಲ್ಕು ಹೇರ್‌ಪಿನ್ ತಿರುವುಗಳಿರುವ ಭಾಗದಲ್ಲಿ. ತಿರುವಿನ ಒಳ ಅಂಚಿನಲ್ಲಂತೂ ರಸ್ತೆ ಎದ್ದು ನಿಂತಂತಿರುತ್ತದೆ.

ಸಮಯದ ಲೆಕ್ಕ ಬೇಕಾದರೆ ಹೀಗೆ. ನೀವು, ಸೈಕಲ್, ನೀರು ಎಲ್ಲ ಸೇರಿ 85 ಕಿಲೋ ಅಂದುಕೊಳ್ಳಿ. ಅಷ್ಟು ಭಾರವನ್ನು 500 ಮೀಟರ್ ಎತ್ತಲು ಸುಮಾರು 417 ಕಿಲೋಜೂಲ್ ಬೇಕು. ಟೈರು ರಸ್ತೆಗೆ ತಿಕ್ಕುವುದಕ್ಕೆ ಇನ್ನೊಂದು 50 ಸೇರಿಸಿ. ಕಾಲು ಬಿಡದೆ 150 ವ್ಯಾಟ್ ಕೊಟ್ಟರೆ ಐವತ್ತು ನಿಮಿಷದ ಮೇಲೆ ಸ್ವಲ್ಪ ಹಿಡಿಯುತ್ತದೆ. 100 ವ್ಯಾಟ್ ಆದರೆ ಒಂದೂಕಾಲು ಗಂಟೆಯ ಮೇಲೆ. ವಾರಕ್ಕೆ ಎರಡು ಮೂರು ದಿನ ಸೈಕಲ್ ತುಳಿಯುವವರು ಸಾಮಾನ್ಯವಾಗಿ ಇವೆರಡರ ನಡುವೆ ಇರುತ್ತಾರೆ. ನೀರು ಕುಡಿಯಲು, ಉಸಿರು ತೆಗೆದುಕೊಳ್ಳಲು ನಿಲ್ಲುವ ಸಮಯ ಬೇರೆ. ಒಂದೂವರೆ ಗಂಟೆ ಇಟ್ಟುಕೊಂಡರೆ ಯಾವ ಗಡಿಬಿಡಿಯೂ ಇಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ವಿಷಯ ಇದೆ. ಐದು ಕಿಲೋ ಬ್ಯಾಗ್ ಹೊತ್ತರೆ ಅದನ್ನೂ ಅಷ್ಟೇ ಎತ್ತರಕ್ಕೆ ಎತ್ತಬೇಕು. ಬೇಡದ್ದನ್ನು ಮನೆಯಲ್ಲೇ ಬಿಡಿ.

ನನ್ನ ಸೈಕಲ್ ಸಾಕಾ? ಹೊಸದು ತಗೊಳ್ಳಬೇಕಾ?

ಹೆಚ್ಚಿನವರಿಗೆ ಹೊಸದು ಬೇಡ. ಬೇಕಾದದ್ದು ಸಣ್ಣ ಗೇರ್ ಮತ್ತು ಸರಿ ಇರುವ ಬ್ರೇಕ್.

ರೋಡ್ ಬೈಕ್ ಆದರೆ ಮುಂದೆ 34 ಹಲ್ಲಿನ ಚಕ್ರ, ಹಿಂದೆ 32 ಅಥವಾ 34 ಹಲ್ಲಿನ ದೊಡ್ಡ ಚಕ್ರ ಇದ್ದರೆ ಆರಾಮ. 34ಕ್ಕೆ 32 ಹಾಕಿ ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ 9ರಿಂದ 10 ಕಿಲೋಮೀಟರ್ ವೇಗ ಸಿಗುತ್ತದೆ. ಅದೇ ಹಳೆಯ ಸೈಕಲ್‌ನಲ್ಲಿ ಮುಂದೆ 39, ಹಿಂದೆ 25 ಇದ್ದರೆ ಗಂಟೆಗೆ 9ರ ವೇಗದಲ್ಲಿ ನಿಮಿಷಕ್ಕೆ 46 ಸುತ್ತಷ್ಟೇ ಬರುತ್ತದೆ. ಒಂದೊಂದು ತುಳಿತಕ್ಕೂ ಮೊಣಕಾಲಿನ ಮೇಲೆ ಭಾರ. ಹೊಸ ಸೈಕಲ್‌ಗೆ ದುಡ್ಡು ಹಾಕುವ ಮೊದಲು ಹಿಂದಿನ ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಗುಚ್ಛ) ಬದಲಾಯಿಸಬಹುದಾ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ತುಂಬಾ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಹಾಕುವ ಭಾಗ) ಅಷ್ಟು ದೊಡ್ಡ ಚಕ್ರ ತಾಳುತ್ತದಾ ಅಂತಲೂ ಅವರೇ ನೋಡಿ ಹೇಳುತ್ತಾರೆ.

ಹೈಬ್ರಿಡ್, ಎಂಟಿಬಿ (ಮೌಂಟನ್ ಬೈಕ್) ಇದ್ದವರಿಗೆ ಗೇರಿನ ಚಿಂತೆ ಇಲ್ಲ. ಭಾರ ಸ್ವಲ್ಪ ಜಾಸ್ತಿ, ಅಷ್ಟೇ. ದಪ್ಪ ಗುಬುಟಿನ ಟೈರು ಇದ್ದರೆ ನುಣುಪು ಟೈರು ಹಾಕಿಸಿ. ರೋಡ್ ಬೈಕಿಗೆ 28 ಮಿ.ಮೀ. ಅಥವಾ ಅದಕ್ಕಿಂತ ಅಗಲದ ಟೈರು ಒಳ್ಳೆಯದು. ಮಳೆಗಾಲ ಮುಗಿದ ಮೇಲೆ ಕೆಲವು ಕಡೆ ಡಾಮರು ಎದ್ದು ಜಲ್ಲಿ ಹರಡಿರುತ್ತದೆ.

ಗೇರ್ ಇಲ್ಲದ ಸಾದಾ ಸೈಕಲ್‌ನಲ್ಲಿ ಹೆಚ್ಚಿನ ಏರು ತಳ್ಳಿಕೊಂಡೇ ಹೋಗಬೇಕಾಗುತ್ತದೆ. ಹಾಗೆ ಹೋದರೂ ಯಾರೂ ಬೇಡ ಅನ್ನುವುದಿಲ್ಲ. ಆದರೆ ಅದರ ಬ್ರೇಕಿನ ಮೇಲೆ ಭರವಸೆ ಇಟ್ಟು ಇಳಿಯಬೇಡಿ.

ಎಷ್ಟು ದಿನ ಅಭ್ಯಾಸ ಮಾಡಬೇಕು? ಎಲ್ಲಿ ಮಾಡಬೇಕು?

ಒಂದೇ ಸಲಕ್ಕೆ 60 ಕಿಲೋಮೀಟರ್ ಹೋಗಿ ಬಂದು ಮರುದಿನ ಕೆಲಸಕ್ಕೆ ಹೋಗುವಷ್ಟು ತ್ರಾಣ ಇದ್ದರೆ ನೀವು ಸಿದ್ಧ. ಉಡುಪಿಯವರಿಗೆ ಅಭ್ಯಾಸಕ್ಕೆ ಇಂದ್ರಾಳಿಯಿಂದ ಮಣಿಪಾಲ ಹತ್ತುವ ದಾರಿ ಇದ್ದೇ ಇದೆ. ಬೆಳಿಗ್ಗೆ ಬೇಗ, ಗಾಡಿಗಳು ಏಳುವ ಮೊದಲು, ನಿಲ್ಲದೆ ಕೆಲವು ಸಲ ಹತ್ತಿ ಇಳಿಯಿರಿ. ಮಂಗಳೂರಿನವರಿಗೆ ಕದ್ರಿ ಗುಡ್ಡ ಇದೆ. ಒಂದು ವಿಷಯ ಗಮನಿಸಿ: ಊರಿನ ಏರುಗಳು ಐದು ಹತ್ತು ನಿಮಿಷದಲ್ಲಿ ಮುಗಿಯುತ್ತವೆ, ದಮ್ಮು ಕಟ್ಟಿ ಹತ್ತಿಬಿಡಬಹುದು. ಘಾಟಿಯಲ್ಲಿ ಹಾಗೆ ಆಗುವುದಿಲ್ಲ. ಒಂದು ಗಂಟೆ ಒಂದೇ ಹದದಲ್ಲಿ ತುಳಿಯುವುದನ್ನು ಕಲಿಯಬೇಕು. ಮಾತಾಡಲು ಆಗುವಷ್ಟು ಉಸಿರು ಉಳಿದಿದ್ದರೆ ಹದ ಸರಿ ಇದೆ ಅಂತ ಅರ್ಥ.

ಯಾವ ತಿಂಗಳು ಒಳ್ಳೆಯದು? ಎಷ್ಟು ಗಂಟೆಗೆ ಹೊರಡಬೇಕು?

ನವೆಂಬರ್‌ನಿಂದ ಫೆಬ್ರವರಿ. ಮಳೆ ನಿಂತಿರುತ್ತದೆ, ಕಾಡು ಇನ್ನೂ ಹಸಿರಾಗಿರುತ್ತದೆ, ಬೆಳಗಿನ ಹೊತ್ತು ತಂಪು. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು. ಮಾರ್ಚ್ ನಂತರ ಕರಾವಳಿಯ ಸೆಕೆ ನಿಮಗೇ ಗೊತ್ತು. ಹೆಬ್ರಿ ತಲುಪುವ ಹೊತ್ತಿಗೇ ಬೆವರಿ ತೊಪ್ಪೆಯಾಗಿರುತ್ತೀರಿ.

ಬೆಳಕು ಹರಿಯುವಾಗ ಹೊರಡಿ. ಡಿಸೆಂಬರ್, ಜನವರಿಯಲ್ಲಿ ಏಳು ಗಂಟೆಯ ಹತ್ತಿರ ಸೂರ್ಯ ಹುಟ್ಟುತ್ತಾನೆ. ಆರೂವರೆಗೆ ಹೊರಟರೂ ಮುಂದೆ ಹಿಂದೆ ಲೈಟು ಬೇಕು. ಒಂಬತ್ತರ ಸುಮಾರಿಗೆ ಹೆಬ್ರಿ, ಹನ್ನೊಂದೂವರೆ ಹನ್ನೆರಡಕ್ಕೆ ಆಗುಂಬೆ. ಊಟ ಮಾಡಿ ಇಳಿಯಲು ಹೊರಟರೆ ಕತ್ತಲೆಗೆ ಮೊದಲೇ ಮನೆ. ಭಾನುವಾರ ಬಿಟ್ಟು ವಾರದ ದಿನ ರಜೆ ಸಿಕ್ಕರೆ ಅದನ್ನೇ ಆರಿಸಿ. ಡಿಸೆಂಬರ್ ಕೊನೆಯ ವಾರ, ಉದ್ದ ರಜೆಗಳು ಬಂದಾಗ ಪ್ರವಾಸಿ ಗಾಡಿಗಳು ಸಾಲುಗಟ್ಟುತ್ತವೆ. ಆಗ ಹೋಗಬೇಡಿ.

ಮಳೆಗಾಲದಲ್ಲಿ ಹೋದರೆ ಇನ್ನೂ ಚಂದ ಅಲ್ವಾ?

ನೋಡಲು ಚಂದ ಹೌದು. ಸೈಕಲ್‌ನಲ್ಲಿ ಹೋಗಬೇಡಿ ಅಂತಲೇ ನನ್ನ ಮಾತು.

ಅರಬ್ಬಿ ಸಮುದ್ರದಿಂದ ಬರುವ ನೀರು ತುಂಬಿದ ಗಾಳಿ ನೇರ ಬಂದು ಈ ಘಟ್ಟಕ್ಕೆ ಬಡಿಯುತ್ತದೆ. ಮೇಲೇರುತ್ತಾ ತಣ್ಣಗಾಗಿ ಅಲ್ಲೇ ಮಳೆಯಾಗುತ್ತದೆ. ಉಡುಪಿಯಲ್ಲೇ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ. ಘಟ್ಟದ ಅಂಚಿನಲ್ಲೇ ಕೂತಿರುವ ಆಗುಂಬೆಯಲ್ಲಿ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳಲ್ಲಿ ಗುಡ್ಡ ಜರಿಯುತ್ತದೆ, ಮರ ಬೀಳುತ್ತದೆ, ಮಂಜು ಕವಿದರೆ ಎದುರಿನ ಗಾಡಿ ಹತ್ತಿರ ಬರುವವರೆಗೆ ಕಾಣುವುದಿಲ್ಲ. ಜಿಲ್ಲಾಡಳಿತ ಘನ ವಾಹನಗಳನ್ನು ನಿಲ್ಲಿಸುವುದೂ ಇದೇ ಸಮಯದಲ್ಲಿ. ರಸ್ತೆಯ ಅಂಚಿನಲ್ಲಿ ಪಾಚಿ ಕಟ್ಟುತ್ತದೆ. ಸೈಕಲ್ ಓಡಬೇಕಾದದ್ದು ಅದೇ ಅಂಚಿನಲ್ಲಿ.

ಮಳೆಗಾಲದ ಆಗುಂಬೆ ನೋಡಲೇಬೇಕು ಅನಿಸಿದರೆ ಮಿನಿ ಬಸ್ಸಿನ ಕಿಟಕಿ ಪಕ್ಕ ಕೂತು ಹೋಗಿ ಬನ್ನಿ.

ತಿರುವುಗಳಲ್ಲಿ ಗಾಡಿ ಬಂದರೆ ಏನು ಮಾಡಬೇಕು?

ಮೊದಲು ಕಿವಿ. ಕಾಡು ಮೌನವಾಗಿರುವುದರಿಂದ ಗಾಡಿ ಎರಡು ತಿರುವು ದೂರ ಇರುವಾಗಲೇ ಸದ್ದು ಕೇಳುತ್ತದೆ. ಬಸ್ಸಿನವರು ತಿರುವಿಗೆ ಮೊದಲು ಹಾರ್ನ್ ಹಾಕುತ್ತಾರೆ. ಹಾಗಾಗಿ ಘಾಟಿಯಲ್ಲಿ ಇಯರ್‌ಫೋನ್ ಬೇಡವೇ ಬೇಡ.

ಹತ್ತುವಾಗ ಎಡಕ್ಕೆ ತಿರುಗುವ ಹೇರ್‌ಪಿನ್ ಕಷ್ಟದ್ದು. ನೀವು ಒಳ ಅಂಚಿನಲ್ಲಿರುತ್ತೀರಿ, ಅಲ್ಲೇ ಅತಿ ಕಡಿದು. ಸೈಕಲ್ ನಿಧಾನವಾಗಿ ಓಲಾಡುತ್ತದೆ. ಅದೇ ಹೊತ್ತಿಗೆ ಮೇಲಿನಿಂದ ಇಳಿಯುವ ಬಸ್ಸು ಇಡೀ ರಸ್ತೆ ಹಿಡಿದು ತಿರುಗುತ್ತದೆ. ಅದು ಚಾಲಕನ ತಪ್ಪಲ್ಲ, ತಿರುಗಲು ಬೇರೆ ದಾರಿಯೇ ಇಲ್ಲ. ಬಸ್ಸಿನ ಸದ್ದು ಕೇಳಿದರೆ ತಿರುವಿಗೆ ಹತ್ತು ಹದಿನೈದು ಮೀಟರ್ ಮೊದಲೇ ಎಡಕ್ಕೆ ನಿಂತುಬಿಡಿ. ಅದು ಹೋದ ಮೇಲೆ ಹೊರಡಿ. ತಿರುವಿನ ಒಳಗೆ ನಿಂತರೆ ಮತ್ತೆ ಹೊರಡುವುದೂ ಕಷ್ಟ.

ಬಲಕ್ಕೆ ತಿರುಗುವಾಗ ನೀವು ಹೊರ ಅಂಚಿನಲ್ಲಿರುತ್ತೀರಿ. ದಾರಿ ಸ್ವಲ್ಪ ಉದ್ದ, ಆದರೆ ಏರು ಕಡಿಮೆ. ಅಲ್ಲೇ ಉಸಿರು ಸರಿ ಮಾಡಿಕೊಳ್ಳಬಹುದು.

ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು ಅನ್ನುವುದು ನಮ್ಮ ದೇಶದ ಚಾಲನಾ ನಿಯಮ. ಬಸ್ಸಿನವರು, ಊರಿನ ಜೀಪಿನವರು ಅದನ್ನು ಚೆನ್ನಾಗಿ ಪಾಲಿಸುತ್ತಾರೆ. ನೀವು ಇಳಿಯುವಾಗ ಮರೆಯಬೇಡಿ, ಏರುವ ಬಸ್ಸಿಗೆ ನೀವೇ ನಿಂತು ದಾರಿ ಕೊಡಬೇಕು.

ಇಳಿಯುವುದು ಸುಲಭ ಅಲ್ವಾ? ತುಳಿಯುವುದೇ ಬೇಡವಲ್ಲ?

ನಾನು ಅತಿ ಹೆಚ್ಚು ಒತ್ತಿ ಹೇಳಬೇಕಾದ ವಿಷಯ ಇದು. ಹತ್ತುವಾಗ ದಣಿದರೆ ನಿಲ್ಲಬಹುದು. ಇಳಿಯುವಾಗ ತಪ್ಪಿದರೆ ನಿಲ್ಲಿಸಲು ಆಗುವುದಿಲ್ಲ.

ಹತ್ತುವಾಗ ನೀವು ಹಾಕಿದ 417 ಕಿಲೋಜೂಲ್ ಎಲ್ಲೂ ಹೋಗಿಲ್ಲ. ಇಳಿಯುವಾಗ ಅಷ್ಟನ್ನೂ ಗಾಳಿ ಮತ್ತು ಬ್ರೇಕು ಸೇರಿ ತಿಂದು ಮುಗಿಸಬೇಕು. ಗಂಟೆಗೆ 50ರಲ್ಲಿ ನೇರ ರಸ್ತೆ ಇಳಿದರೆ ಹೆಚ್ಚಿನದ್ದನ್ನು ಗಾಳಿ ತಿನ್ನುತ್ತದೆ. ಆದರೆ ಆಗುಂಬೆಯಲ್ಲಿ ಪ್ರತಿ ತಿರುವಿಗೂ ನಡೆಯುವಷ್ಟು ನಿಧಾನಕ್ಕೆ ಬರಬೇಕು. ಹಾಗಾಗಿ ಭಾರವೆಲ್ಲ ಬ್ರೇಕಿನ ಮೇಲೆ. ರಿಮ್ ಬ್ರೇಕ್ ಆದರೆ ರಿಮ್ ಬಿಸಿಯಾಗುತ್ತದೆ, ಅತಿಯಾದರೆ ಒಳಗಿನ ಟ್ಯೂಬ್ ಒಡೆಯಬಹುದು. ಡಿಸ್ಕ್ ಆದರೆ ಪ್ಯಾಡ್ ಕಾದು ಹಿಡಿತ ಕಡಿಮೆಯಾಗಬಹುದು.

ಸುಮ್ನೆ ಹಿಡಿದುಕೊಂಡೇ ಇಳಿಯಬೇಡಿ. ನೇರ ಇರುವಲ್ಲಿ ಸ್ವಲ್ಪ ಬಿಡಿ, ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕ್ ಸಡಿಲ ಬಿಡಿ. ಸೈಕಲ್ ವಾಲಿರುವಾಗ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ತಿರುವಿನ ಹೊರಗಿರುವ ಕಾಲು ಕೆಳಗೆ, ಒಳಗಿನ ಪೆಡಲ್ ಮೇಲೆ. ಕಣ್ಣು ಮುಂದಿನ ಚಕ್ರದ ಮೇಲೆ ಅಲ್ಲ, ತಿರುವು ಮುಗಿಯುವ ಜಾಗದ ಮೇಲೆ. ನೋಡಿದ ಕಡೆಗೇ ಸೈಕಲ್ ಹೋಗುತ್ತದೆ.

ಕೈ ನೋಯುವುದು ಖಂಡಿತ. ನಾಲ್ಕೈದು ತಿರುವಿಗೊಮ್ಮೆ ಅಗಲವಾದ ಜಾಗದಲ್ಲಿ ನಿಂತು ಬೆರಳು ಸಡಿಲ ಮಾಡಿಕೊಳ್ಳಿ. ಆಗ ರಿಮ್ಮೂ ತಣಿಯುತ್ತದೆ. ಡಿಸ್ಕನ್ನು ಮುಟ್ಟಿ ನೋಡಲು ಹೋಗಬೇಡಿ, ಕೈ ಸುಡುತ್ತದೆ.

ರಸ್ತೆ ಒದ್ದೆ ಇದ್ದರೆ ರಿಮ್ ಬ್ರೇಕ್ ಹಿಡಿದ ಕೂಡಲೇ ಕೆಲಸ ಮಾಡುವುದಿಲ್ಲ. ಚಕ್ರದ ಮೊದಲ ಕೆಲವು ಸುತ್ತು ನೀರು ಒರೆಸುವುದರಲ್ಲೇ ಹೋಗುತ್ತದೆ. ನೆರಳಿನ ತಿರುವುಗಳಲ್ಲಿ ಚಳಿಗಾಲದ ಬೆಳಿಗ್ಗೆಯೂ ಇಬ್ಬನಿಯ ತೇವ ಇರುತ್ತದೆ, ತರಗೆಲೆ ಬಿದ್ದಿರುತ್ತದೆ. ಒದ್ದೆ ತರಗೆಲೆಯ ಮೇಲೆ ವಾಲಬೇಡಿ.

ಹೊರಡುವ ಹಿಂದಿನ ದಿನ ಬ್ರೇಕ್ ಪ್ಯಾಡ್ ತೆಗೆದು ನೋಡಿ. ಸವೆದಿದ್ದರೆ ಬದಲಾಯಿಸಿ. ಕೇಬಲ್ ಎಳೆ ಬಿಟ್ಟಿದ್ದರೆ ಅದನ್ನೂ ಬದಲಾಯಿಸಿ. ಇಡೀ ಪಯಣದಲ್ಲಿ ನೀವು ಮಾಡುವ ಅತಿ ಮುಖ್ಯ ಖರ್ಚು ಇದು. ಮತ್ತೆ, ಹೆಲ್ಮೆಟ್ ಇಲ್ಲದೆ ಹೊರಡಲೇಬೇಡಿ.

ಬೆವರಿದ ಬಟ್ಟೆಯಲ್ಲಿ ಇಳಿದರೆ ಚಳಿಗೆ ಕೈ ಮರಗಟ್ಟುತ್ತದೆ. ಮಡಚಿ ಜೇಬಿಗೆ ಹಾಕುವಂಥ ತೆಳು ಜಾಕೆಟ್ ಒಂದಿರಲಿ.

ಕಾಡುಪ್ರಾಣಿ ಸಿಕ್ಕರೆ?

ಸೋಮೇಶ್ವರ ವನ್ಯಜೀವಿ ಅಭಯಾರಣ್ಯವನ್ನು 1974ರಲ್ಲೇ ಘೋಷಿಸಿದ್ದಾರೆ. ನಾವು ಹೋಗುವ ದಾರಿ ಅದರ ಮಧ್ಯೆ ಹಾದಿದೆ. ಮನೆ ಅವುಗಳದ್ದು, ಹಾದು ಹೋಗುವವರು ನಾವು.

ದಿನದಲ್ಲಿ ಹೆಚ್ಚಾಗಿ ಕಾಣುವುದು ಮಂಗಗಳು. ತಿರುವುಗಳಲ್ಲಿ ಕಾರಿನವರು ಚಿಪ್ಸ್, ಬಾಳೆಹಣ್ಣು ಹಾಕಿ ಅವನ್ನು ರಸ್ತೆಗೆ ತಂದುಬಿಟ್ಟಿದ್ದಾರೆ. ನೀವು ಹಾಕಬೇಡಿ. ತಿಂಡಿ ಚೀಲ ಹೊರಗೆ ಕಾಣದಂತೆ ಇಡಿ. ಅದೃಷ್ಟ ಇದ್ದರೆ ಸಿಂಗಳೀಕ ಕಾಣಬಹುದು. ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೂದಲು. ಪಶ್ಚಿಮ ಘಟ್ಟ ಬಿಟ್ಟರೆ ಲೋಕದ ಬೇರೆ ಯಾವ ಕಾಡಿನಲ್ಲೂ ಇಲ್ಲದ ಕೋತಿ ಅದು. ದೊಡ್ಡ ಮರಗಳ ನೆತ್ತಿಯಲ್ಲೇ ಓಡಾಡುತ್ತದೆ. ಸೈಕಲ್ ನಿಲ್ಲಿಸಿ, ಮಾತಾಡದೆ, ಮೇಲೆ ನೋಡಿ.

ಬೆಳಗಿನ ಜಾವ ಮತ್ತು ಸಂಜೆ ಕಾಟಿ (ಕಾಡುಕೋಣ) ರಸ್ತೆ ದಾಟುವುದುಂಟು. ಕಂಡರೆ ದೂರದಲ್ಲೇ ನಿಲ್ಲಿ, ಗಂಟೆ ಬಾರಿಸಬೇಡಿ, ಫೋಟೋಕ್ಕಾಗಿ ಹತ್ತಿರ ಹೋಗಬೇಡಿ. ಒಂದು ದಾಟಿದರೆ ಹಿಂದೆ ಇನ್ನೊಂದು ಇರಬಹುದು. ಸ್ವಲ್ಪ ಕಾಯಿರಿ.

ಆಗುಂಬೆ ಕಾಳಿಂಗ ಸರ್ಪದ ನಾಡು. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ್ದೂ ಇದೇ ಕಾರಣಕ್ಕೆ. ಕಾಳಿಂಗ ಮನುಷ್ಯರನ್ನು ಅಟ್ಟಿಸಿಕೊಂಡು ಬರುವ ಹಾವಲ್ಲ. ರಸ್ತೆಯಲ್ಲಿ ಕಂಡರೆ ನಿಂತು ದಾರಿ ಬಿಡಿ, ಹಿಂದೆ ಬರುವ ಗಾಡಿಗೂ ಕೈ ತೋರಿಸಿ ನಿಲ್ಲಿಸಿ. ಕಾಡಿನ ರಸ್ತೆಗಳಲ್ಲಿ ಚಕ್ರದಡಿ ಸಿಕ್ಕಿ ಸಾಯುವ ಹಾವು, ಕಪ್ಪೆ, ಹಲ್ಲಿಗಳು ತುಂಬಾ. ನಿಧಾನವಾಗಿ ಹೋಗುವ ಸೈಕಲ್‌ನವರ ಕಣ್ಣಿಗೆ ಅವು ಬೀಳುತ್ತವೆ. ಒಂದನ್ನಾದರೂ ದಾಟಲು ಬಿಟ್ಟರೆ ಆ ದಿನ ಒಳ್ಳೆಯದೇ.

ಮಂಗನ ಕಾಯಿಲೆಯ ಭಯ ಇದೆಯಾ? ಇಂಬಳ?

ಭಯ ಬೇಡ, ಎಚ್ಚರ ಬೇಕು. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಕಾಡಿನ ಉಣುಗುಗಳಿಂದ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಟ ಜಾಸ್ತಿ. ನಮ್ಮ ಸೈಕಲ್ ಸವಾರಿಯ ಕಾಲವೂ ಅದೇ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಇದು ಹೊಸದಲ್ಲ, ಆಗುಂಬೆ ಇರುವುದು ಆ ತಾಲ್ಲೂಕಿನಲ್ಲೇ.

ಡಾಮರು ರಸ್ತೆಯ ಮೇಲೆ ಇರುವವರೆಗೆ ಅಪಾಯ ಕಡಿಮೆ. ತರಗೆಲೆ ರಾಶಿಯ ಮೇಲೆ ಕೂರಬೇಡಿ, ಮಲಗಬೇಡಿ. ಮೂತ್ರಕ್ಕೆ ಅಂತ ಕಾಡಿನೊಳಗೆ ನುಗ್ಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಚೆಕ್‌ಪೋಸ್ಟಿನವರಿಗೆ ತಿಳಿಸಿ. ಮಲೆನಾಡಿನ ಹಳ್ಳಿಗಳಲ್ಲಿ ಆರೋಗ್ಯ ಇಲಾಖೆಯವರು ಡೇಪಾ ಎಣ್ಣೆ ಕೊಡುತ್ತಾರೆ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು. ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಲು ಹಾಕಿ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಲಕ್ಷಣ ಕಾಣುತ್ತದೆ. ವಾಪಸು ಬಂದ ಮೇಲೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ "ಆಗುಂಬೆ ಕಾಡಿನ ಕಡೆ ಹೋಗಿದ್ದೆ" ಅಂತ ನೀವೇ ಮೊದಲು ಹೇಳಿ.

ಇಂಬಳ ಮಳೆಗಾಲದ್ದು. ನವೆಂಬರ್‌ನಲ್ಲಿ ಎಲ್ಲೋ ಒಂದೆರಡು ಸಿಗಬಹುದು. ಉಪ್ಪು ಮುಟ್ಟಿಸಿದರೆ ಬಿಟ್ಟು ಬೀಳುತ್ತದೆ.

ತಿನ್ನುವುದು, ಕುಡಿಯುವುದು ಹೇಗೆ?

ಹೊರಡುವಾಗ ಸ್ವಲ್ಪವಾದರೂ ತಿನ್ನಿ. ಖಾಲಿ ಹೊಟ್ಟೆಯಲ್ಲಿ ಪರ್ಕಳ ದಾಟಬೇಡಿ. ಪೆರ್ಡೂರಿನ ಅನಂತಪದ್ಮನಾಭನಿಗೆ ಬಾಳೆಹಣ್ಣು ಅಂದರೆ ಪ್ರೀತಿ, ಭಕ್ತರ ಹರಕೆಯೂ ಬಾಳೆಹಣ್ಣೇ. ಹಾಗಾಗಿ ಅಲ್ಲಿ ಒಳ್ಳೆಯ ಹಣ್ಣು ಸಿಗುತ್ತದೆ. ದೇವರಿಗೆ ಕೈಮುಗಿದು ನಾಲ್ಕು ಹಣ್ಣು ಜೇಬಿಗೆ ಹಾಕಿಕೊಳ್ಳಿ. ಘಾಟಿ ಹತ್ತಲು ಅದಕ್ಕಿಂತ ಒಳ್ಳೆಯ ತಿಂಡಿ ಇಲ್ಲ.

ಹೆಬ್ರಿಯಲ್ಲಿ ಕೂತು ತಿಂಡಿ ಮಾಡಿ. ಬನ್ಸ್, ಗೋಳಿಬಜೆ ಕಣ್ಣೆದುರೇ ಇರುತ್ತವೆ. ಆದರೆ ಎಣ್ಣೆ ತಿಂಡಿ ಏರುವಾಗ ಹೊಟ್ಟೆಯಲ್ಲಿ ಭಾರ. ಇಡ್ಲಿ, ನೀರುದೋಸೆ, ಅವಲಕ್ಕಿ ಒಳ್ಳೆಯದು. ಗೋಳಿಬಜೆ ವಾಪಸು ಬರುವಾಗ ತಿನ್ನಿ.

ಮುಕ್ಕಾಲು ಲೀಟರಿನ ಎರಡು ಬಾಟಲಿ ಹೆಬ್ರಿಯಲ್ಲಿ ತುಂಬಿಸಿಕೊಳ್ಳಿ. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ ಇರುವುದರಿಂದ ಬೆವರು ಆರುವುದಿಲ್ಲ, ಹರಿಯುತ್ತಲೇ ಇರುತ್ತದೆ. ಬರೀ ನೀರು ಸಾಲದು. ಒಂದು ಲೀಟರಿಗೆ ಒಂದು ಪ್ಯಾಕೆಟ್ ಓಆರ್‌ಎಸ್ ಕರಗಿಸಿ ಇಟ್ಟುಕೊಳ್ಳಿ. ದಾರಿಯಲ್ಲಿ ಬೊಂಡ (ಎಳನೀರು) ಸಿಕ್ಕರೆ ಬಿಡಬೇಡಿ.

ನಡುದಾರಿಯಲ್ಲಿ ಪಂಕ್ಚರ್ ಆದರೆ?

ಘಾಟಿಯಲ್ಲಿ ಅಂಗಡಿ ಇಲ್ಲ. ಮೊಬೈಲ್ ನೆಟ್‌ವರ್ಕ್ ಹಲವು ಕಡೆ ಸಿಗುವುದಿಲ್ಲ. ಎರಡು ಟ್ಯೂಬ್, ಪಂಪು, ಟೈರ್ ಲಿವರ್, ಅಲೆನ್ ಕೀ, ಚೈನ್ ಲಿಂಕ್ ನಿಮ್ಮ ಬಳಿ ಇರಲಿ. ಟ್ಯೂಬ್ ಬದಲಾಯಿಸುವುದನ್ನು ಮನೆಯಲ್ಲಿ ಕಲಿತು ಹೋಗಿ. ಹೊರಡುವಾಗ ಮನೆಯವರಿಗೆ "ಇಷ್ಟು ಗಂಟೆಯೊಳಗೆ ಫೋನ್ ಮಾಡುತ್ತೇನೆ" ಅಂತ ಹೇಳಿ. ಫೋನ್ ಹತ್ತದಿದ್ದರೆ ಮಿನಿ ಬಸ್ಸಿಗೆ ಕೈ ಹಿಡಿಯಿರಿ. ಪೆಟ್ಟಾದರೆ 108 ಅಥವಾ 112. ನೆಟ್‌ವರ್ಕ್ ಇಲ್ಲದಲ್ಲಿ ಹಾದು ಹೋಗುವ ಗಾಡಿಯವರ ಕೈಲಿ ಚೆಕ್‌ಪೋಸ್ಟಿಗೆ ಸುದ್ದಿ ಕಳಿಸಿ.

ಅನುಮತಿ ಬೇಕಾ?

ಹೆದ್ದಾರಿಯಲ್ಲಿ ಹೋಗಿ ಬರಲು ಬೇಡ. ರಸ್ತೆ ಬಿಟ್ಟು ಕಾಡಿನೊಳಗೆ, ಜಲಪಾತದ ಕಡೆಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಕಾಲುದಾರಿ ಕಂಡಿತು ಅಂತ ಸೈಕಲ್ ತಿರುಗಿಸಬೇಡಿ.

ಹೆಂಗಸರು ಒಬ್ಬರೇ ಹೋಗಬಹುದಾ?

ಮೊದಲ ಸಲ ಗಂಡಸಾಗಲಿ ಹೆಂಗಸಾಗಲಿ ಒಬ್ಬರೇ ಹೋಗಬೇಡಿ. ಕಾರಣ ಒಂದೇ: ಬಿದ್ದರೆ ಎಬ್ಬಿಸಲು, ಸುದ್ದಿ ಮುಟ್ಟಿಸಲು ಇನ್ನೊಬ್ಬರು ಬೇಕು. ಇಬ್ಬರು ಮೂವರ ಗುಂಪು ಸರಿ. ಹತ್ತು ಹನ್ನೆರಡು ಜನ ಆದರೆ ರಸ್ತೆ ತುಂಬುತ್ತದೆ, ಮಾತು ಜೋರಾಗುತ್ತದೆ, ಕಾಡಿನ ಮೌನವೂ ಹೋಗುತ್ತದೆ. ದಾರಿ ಪರಿಚಯವಾದ ಮೇಲೆ ಒಬ್ಬರೇ ಹೋಗುವ ಹೆಂಗಸರಿದ್ದಾರೆ. ದಾರಿಯಲ್ಲಿ ಸಿಗುವ ಊರಿನವರು "ಎಲ್ಲಿಗೆ ಮಾರಾಯ್ರೆ, ಈ ಬಿಸಿಲಿಗೆ?" ಅಂತ ಮಾತಾಡಿಸುತ್ತಾರೆ. ನಿಂತು ಎರಡು ಮಾತಾಡಿ. ಆಮೇಲೆ ಏನಾದರೂ ಆದರೆ ಮೊದಲು ಓಡಿ ಬರುವವರು ಅವರೇ.

ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಬಹುದಾ?

ಹೈಸ್ಕೂಲು ದಾಟಿದ, ಸೈಕಲ್ ಮೇಲೆ ಹಿಡಿತ ಇರುವ ಮಕ್ಕಳಾದರೆ ಸರಿ. ಹೆಬ್ರಿವರೆಗೆ ಕಾರಿನಲ್ಲಿ ಬಂದು, ಅಲ್ಲಿಂದ ಸೋಮೇಶ್ವರದವರೆಗೆ ಒಂದು ದಿನ ಹೋಗಿ ನೋಡಿ. ಘಾಟಿ ಇನ್ನೊಂದು ದಿನಕ್ಕಿರಲಿ. ಹತ್ತಿದ ಮಕ್ಕಳನ್ನು ಸೈಕಲ್ ಸಮೇತ ಕಾರಿನಲ್ಲಿ ಇಳಿಸಿಕೊಂಡು ಬಂದರೆ ನನಗೆ ಸಮಾಧಾನ. ಸಣ್ಣ ಕೈಗಳಿಗೆ ಅಷ್ಟು ಹೊತ್ತು ಬ್ರೇಕ್ ಹಿಡಿಯುವ ಶಕ್ತಿ ಇರುವುದಿಲ್ಲ.

ತಳ್ಳಿಕೊಂಡು ಹತ್ತಿದರೆ ನಾಚಿಕೆಯಲ್ವಾ?

ಇಲ್ಲ. ಎರಡು ತಿರುವು ನಡೆದು ಮತ್ತೆ ಹತ್ತಿ ಕೂರಿ.

ಸೂರ್ಯಾಸ್ತ ನೋಡಿಕೊಂಡು ಇಳಿಯಬಹುದಾ?

ಬೇಡ. ಘಾಟಿಯ ಮೇಲ್ಭಾಗದಲ್ಲಿರುವ ಸೂರ್ಯಾಸ್ತ ವೀಕ್ಷಣಾ ಸ್ಥಳದಿಂದ, ಆಕಾಶ ತಿಳಿಯಾಗಿದ್ದರೆ ಅರಬ್ಬಿ ಸಮುದ್ರದವರೆಗೂ ಕಾಣುತ್ತದೆ. ಬೆಳಿಗ್ಗೆ ಹೊರಟ ಕಡಲ ತೀರವನ್ನು ಅಲ್ಲಿಂದ ನೋಡುವ ಆಸೆ ಯಾರಿಗಿಲ್ಲ? ಆದರೆ ಸೂರ್ಯ ಮುಳುಗಿದ ಕೂಡಲೇ ಕಾಡಿನೊಳಗೆ ಕತ್ತಲು. ನೋಡಲು ಬಂದ ಕಾರುಗಳೆಲ್ಲ ಅದೇ ಹೊತ್ತಿಗೆ ಇಳಿಯುತ್ತವೆ, ಪ್ರಾಣಿಗಳು ರಸ್ತೆಗೆ ಬರುತ್ತವೆ. ಸೂರ್ಯಾಸ್ತ ಬೇಕಾದರೆ ಆಗುಂಬೆಯಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಇಳಿಯಿರಿ.

ಬಸ್ಸಿನಲ್ಲಿ ಸೈಕಲ್ ಹಾಕಿಕೊಂಡು ವಾಪಸು ಬರಬಹುದಾ?

ಬಸ್ಸಿನವರ ಮನಸ್ಸು, ಬಸ್ಸಿನಲ್ಲಿರುವ ಜಾಗ. ಮಿನಿ ಬಸ್ಸಿನಲ್ಲಿ ಜಾಗ ಕಡಿಮೆ. ಕಂಡಕ್ಟರ್ ಹತ್ತಿರ ಮೊದಲೇ ಮಾತಾಡಿ, ಎರಡೂ ಚಕ್ರ ಬಿಚ್ಚಿ ಕಟ್ಟಲು ಹಗ್ಗ ಇಟ್ಟುಕೊಳ್ಳಿ. ಇದನ್ನೇ ನಂಬಿಕೊಂಡು ಹೊರಡುವುದು ಸರಿಯಲ್ಲ.

ಮಂಗಳೂರಿನವರು ಹೇಗೆ ಬರಬೇಕು?

ಹೆದ್ದಾರಿ 66ರಲ್ಲಿ ಉಡುಪಿಗೆ ತುಳಿದು ಬರುವುದು ನನಗಂತೂ ಇಷ್ಟವಿಲ್ಲ. ಬರೀ ಹೊಗೆ, ವೇಗ. ಮೂಡುಬಿದಿರೆ, ಕಾರ್ಕಳಕ್ಕೆ ಬಂದು ಅಲ್ಲಿಂದ ಮುನಿಯಾಲು, ವರಂಗದ ಕಡೆಯಿಂದ ಹೆಬ್ರಿ ಸೇರುವ ದಾರಿ ಎಷ್ಟೋ ಚಂದ. ವರಂಗದಲ್ಲಿ ಕೆರೆಯ ನಡುವೆ ಇರುವ ಬಸದಿಗೆ ದೋಣಿಯಲ್ಲೇ ಹೋಗಬೇಕು. ಹಿಂದಿನ ಸಂಜೆ ಕಾರ್ಕಳಕ್ಕೆ ಬಂದು ಉಳಿದು, ಬೆಳಿಗ್ಗೆ ಅಲ್ಲಿಂದ ಹೊರಟರೆ ವರಂಗಕ್ಕೂ ಸಮಯ ಸಿಗುತ್ತದೆ, ಘಾಟಿಗೂ ಕಾಲು ಉಳಿದಿರುತ್ತದೆ. ಒಂದೇ ದಿನದಲ್ಲಿ ಮಂಗಳೂರಿಂದ ಹೋಗಿ ಬರುವುದು ತುಂಬಾ ಪಳಗಿದವರಿಗೆ ಮಾತ್ರ.

ಆಗುಂಬೆ ಆಯಿತು. ಮುಂದಿನದು ಯಾವುದು?

ಕಾರ್ಕಳದಿಂದ ಬಜಗೋಳಿ, ಮಾಳದ ಮೇಲೆ ಎಸ್.ಕೆ. ಬಾರ್ಡರಿಗೆ ಹತ್ತುವ ದಾರಿ. ಎಸ್.ಕೆ. ಅಂದರೆ ಸೌತ್ ಕೆನರಾ, ಹಳೆಯ ಜಿಲ್ಲೆಯ ಗಡಿ. ಹೇರ್‌ಪಿನ್ ಗಲಾಟೆ ಕಡಿಮೆ, ಏರು ಉದ್ದ, ಕಾಡು ಇನ್ನೂ ದಟ್ಟ. ಇದು 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಹೋಗುವ ರಸ್ತೆ. ಹೊರಡುವ ಮೊದಲು ಚೆಕ್‌ಪೋಸ್ಟಿನಲ್ಲಿ ಸೈಕಲ್‌ನವರಿಗೆ ಏನು ನಿಯಮ, ಎಷ್ಟು ಹೊತ್ತಿನೊಳಗೆ ದಾಟಬೇಕು ಅಂತ ಕೇಳಿಯೇ ಹೋಗಿ. ನಡುವೆ ಅಂಗಡಿ, ಹೋಟೆಲು ಇದೆ ಅಂತ ನಂಬಬೇಡಿ. ಊಟ, ನೀರು ಪೂರ್ತಿ ನಿಮ್ಮದೇ.

ಕುಂದಾಪುರ ಕಡೆಯವರಿಗೆ ಇನ್ನೆರಡು ಘಾಟಿಗಳಿವೆ. ಕೊಲ್ಲೂರಿನಿಂದ ನಾಗೋಡಿ ಕಡೆಗೆ ಹತ್ತುವುದು ಒಂದು. ಸಿದ್ದಾಪುರ, ಹೊಸಂಗಡಿ ಮೇಲೆ ಹೋಗುವ ಹುಲಿಕಲ್ ಘಾಟಿ ಇನ್ನೊಂದು, ಅದನ್ನೇ ಬಾಳೆಬರೆ ಅಂತಲೂ ಕರೆಯುತ್ತಾರೆ. ಕೊಲ್ಲೂರನ್ನು ಮೊದಲು ಮಾಡಿ. ಹುಲಿಕಲ್ ತುಂಬಾ ಕಡಿದು. ಅಲ್ಲಿಗೆ ಹಿಂದಿನ ಚಕ್ರ 34 ಹಲ್ಲಿನದ್ದೇ ಇರಲಿ, ಬ್ರೇಕ್ ಪ್ಯಾಡ್ ಹೊಸದೇ ಇರಲಿ.